ಅಗ್ಗದ ಗಣಕಯಂತ್ರವೂ ಗೃಹಸ್ಥಧರ್ಮವೂ

ಮಹಾನವಮಿಯಂದು ಆಯುಧಪೂಜೆಯ ಹೊತ್ತಿಗೆ ವಿದ್ಯಾವಂತರ ಮನೆಗಳಲ್ಲಿ ಈಗ ಒಂದು ಹೊಸ ಆಯುಧವು ಮಣೆಯೇರುತ್ತಿದೆ. ಹಿಂದೆ ಓಲೆಗರಿಯ ಕಟ್ಟಿಗೂ ಲೆಕ್ಕಣಿಕೆಗೂ ತಕ್ಕಡಿಗೂ ಈಳಿಗೆಮಣೆಗೂ ಸಲ್ಲುತ್ತಿದ್ದ ಅರಿಸಿನ ಕುಂಕುಮಗಳು ಇಂದು ಮಗನ ಅಥವಾ ಮಗಳ ಲ್ಯಾಪ್‌ಟಾಪಿಗೂ ಸಲ್ಲುತ್ತವೆ. ಇದು ಯುಕ್ತವೇ. ಓದುವುದಕ್ಕೂ ಬರೆಯುವುದಕ್ಕೂ ಲೆಕ್ಕವಿಡುವುದಕ್ಕೂ ಸಾಧನವಾದ ವಸ್ತುವು ಪೂಜಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಹೂವು ಅಕ್ಷತೆಗಳ ಕೆಳಗೆ, ಯಂತ್ರದ ಉದರದಲ್ಲಿ, ಕದ್ದ ಪದಾರ್ಥವೊಂದು ಕುಳಿತಿರುವುದನ್ನು ಪೂಜೆಮಾಡುವ ಗೃಹಸ್ಥನು ಬಲ್ಲನೇ? ಬಲ್ಲನು. ಬಲ್ಲವನಾಗಿಯೂ ಅದನ್ನು ಕಳವೆಂದು ಎಣಿಸುವುದಿಲ್ಲ. ಈ ಎಣಿಸದಿರುವಿಕೆಯೇ ಪ್ರಕೃತ ವಿಚಾರಕ್ಕೆ ವಿಷಯ.

ನಡೆಯುವ ಸಂಗತಿಯು ಯಾರಿಗೂ ತಿಳಿಯದುದಲ್ಲ. ಮಿತವಾದ ಆದಾಯದ ಗೃಹಸ್ಥನೊಬ್ಬನು ಕಾಲೇಜು ಸೇರಿದ ಮಗಳಿಗೆ ಗಣಕಯಂತ್ರವನ್ನು ಕೊಡಿಸಲು ಪೇಟೆಗೆ ಹೋಗುತ್ತಾನೆ. ಅಂಗಡಿಯವನು ಎರಡು ಯಂತ್ರಗಳನ್ನು ತೋರಿಸುತ್ತಾನೆ. ಎರಡರ ಅಂಗಾಂಗಗಳೂ ಒಂದೇ. ಬೆಲೆಯಲ್ಲಿ ಮಾತ್ರ ಕೆಲವು ಸಾವಿರ ರೂಪಾಯಿಗಳ ಅಂತರ. ವಿಚಾರಿಸಲಾಗಿ, ಹೆಚ್ಚಿನ ಬೆಲೆಯದರಲ್ಲಿ ವಿಂಡೋಸ್ ಎಂಬ ತಂತ್ರಾಂಶವು ಕ್ರಯಕ್ಕೆ ಸೇರಿ ಬಂದಿದೆಯೆಂದೂ ಕಡಮೆಯದರಲ್ಲಿ ‘ಡಾಸ್’ ಮಾತ್ರವಿದೆಯೆಂದೂ ತಿಳಿಯುತ್ತದೆ.

“ಹಾಗಾದರೆ ಇದನ್ನು ಕೊಂಡರೆ ಮಗು ಓದುವುದು ಹೇಗಪ್ಪಾ?” ಎಂದು ಗೃಹಸ್ಥನು ಕೇಳುತ್ತಾನೆ.

“ಅದಕ್ಕೇನು ಸಾರ್, ವಿಂಡೋಸ್ ನಾವೇ ಹಾಕಿಕೊಡುತ್ತೇವೆ. ಬರೆಯುವುದಕ್ಕೆ ಆಫೀಸೂ ಹಾಕುತ್ತೇವೆ. ಐನೂರು ರೂಪಾಯಿ ಕೊಟ್ಟುಬಿಡಿ.”

“ಬಿಲ್ಲಿನಲ್ಲಿ ಬರೆಯುತ್ತೀಯಷ್ಟೆ?”

“ಅದು ಬಿಲ್ಲಿಗೆ ಬರುವುದಿಲ್ಲ ಸಾರ್.”

ಗೃಹಸ್ಥನು ಒಂದು ಕ್ಷಣ ಸುಮ್ಮನಿದ್ದು ಹಣವನ್ನು ಎಣಿಸಿಕೊಡುತ್ತಾನೆ. ತರಕಾರಿಯವಳು ತಪ್ಪಿ ಹತ್ತು ರೂಪಾಯಿ ಹೆಚ್ಚಾಗಿ ಹಿಂದಿರುಗಿಸಿದರೆ ಬೀದಿಯ ತುದಿಯಿಂದ ಮರಳಿ ಹೋಗಿ ಕೊಟ್ಟುಬರುವಾತನೇ ಈತನು. ಪರೀಕ್ಷೆಯಲ್ಲಿ ಪಕ್ಕದವರ ಉತ್ತರವನ್ನು ನೋಡಿ ಬರೆಯಬಾರದೆಂದು ಮಗಳಿಗೆ ಬುದ್ಧಿ ಹೇಳಿ ಬೆಳೆಸಿದವನೂ ಈತನೇ. ಬಿಲ್ಲಿಗೆ ಬಾರದ ಪದಾರ್ಥವು ಎಂತಹದೆಂಬುದು ಅವನಿಗೆ ತಿಳಿಯದಿರದು. ಆ ಒಂದು ಕ್ಷಣದ ಮೌನದಲ್ಲಿಯೇ ಇಡೀ ವಿವಾದವು ಅಡಗಿದೆ.

ಗಣಕಯಂತ್ರವು ತನ್ನಷ್ಟಕ್ಕೆ ತಾನು ಜಡವಸ್ತು. ಕೀಲಿಮಣೆಯ ಒತ್ತನ್ನು ಗ್ರಹಿಸುವುದು, ಪರದೆಯಲ್ಲಿ ಅಕ್ಷರವನ್ನು ಮೂಡಿಸುವುದು, ಕಡತಗಳನ್ನು ಕ್ರಮವಾಗಿ ಇರಿಸಿ ಕಾಪಾಡುವುದು, ಉಳಿದ ತಂತ್ರಾಂಶಗಳಿಗೆ ಸರದಿಯಂತೆ ಕೆಲಸಮಾಡಲು ಅವಕಾಶವೀಯುವುದು, ಇವೇ ಮೊದಲಾದ ಕಾರ್ಯಗಳನ್ನು ನಿಯಮಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಬಳಕೆಯ ಮಾತಿನಲ್ಲಿ ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಎಂಬುದು ಮೈಕ್ರೋಸಾಫ್ಟ್ ಕಂಪನಿಯು ಮಾರುವ ಅಂತಹ ಒಂದು ವ್ಯವಸ್ಥೆ. ಅದನ್ನು ಬೆಲೆಕೊಟ್ಟು ಪಡೆದವನಿಗೆ ಬಳಸುವ ಅನುಮತಿ ಮಾತ್ರ ದೊರೆಯುತ್ತದೆ. ನಕಲುಮಾಡಿ ಹಂಚುವ ಅಧಿಕಾರವಿಲ್ಲ. ಅಂಗಡಿಯವನು ಐನೂರು ರೂಪಾಯಿಗೆ ಹಾಕಿಕೊಡುವುದು ಈ ಅಧಿಕಾರವಿಲ್ಲದ ನಕಲನ್ನು.

ಶಾಸನವು ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಟ್ಟಿಲ್ಲ. 1957ನೆಯ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಿಂದ ಸೇರಿದ 63-ಬಿ ವಿಧಿಯಂತೆ, ಅಕ್ರಮವಾದ ಪ್ರತಿಯೆಂದು ತಿಳಿದೂ ಗಣಕ ತಂತ್ರಾಂಶವನ್ನು ಬಳಸುವವನಿಗೆ 7 ದಿನಗಳಿಗೆ ಕಡಮೆಯಿಲ್ಲದೆ 3 ವರ್ಷಗಳವರೆಗೆ ಸೆರೆವಾಸವನ್ನೂ, 50,000 ರೂಪಾಯಿಗಳಿಗೆ ಕಡಮೆಯಿಲ್ಲದೆ 2 ಲಕ್ಷದವರೆಗೆ ದಂಡವನ್ನೂ ವಿಧಿಸಬಹುದು. ವ್ಯಾಪಾರಲಾಭಕ್ಕಾಗಿ ಬಳಸದವನ ವಿಷಯದಲ್ಲಿ ನ್ಯಾಯಾಲಯವು ಸೆರೆಯನ್ನು ಬಿಟ್ಟು 50,000 ರೂಪಾಯಿಗಳನ್ನು ಮೀರದ ದಂಡವನ್ನಷ್ಟೇ ವಿಧಿಸಲೂಬಹುದು. ಆದರೆ ಗೃಹಸ್ಥನನ್ನು ದಂಡದಿಂದ ಹೆದರಿಸುವುದು ಇಲ್ಲಿ ಉದ್ದೇಶವಲ್ಲ. ಪತಂಜಲಿಯು ಐದು ಯಮಗಳನ್ನು ಎಣಿಸುವಾಗ ಅಹಿಂಸೆ ಸತ್ಯಗಳ ಬೆನ್ನಿಗೇ ಅಸ್ತೇಯವನ್ನು ಇರಿಸಿದನು. ಪೊಲೀಸಿನವರು ಬಾರದ ಮನೆಯಲ್ಲಿಯೂ ಸಲ್ಲಬೇಕಾದ ನಿಯಮವದು.

ಗತಿಯಿಲ್ಲದವನು ಮಾಡಿದ ಅಕಾರ್ಯಕ್ಕೆ ಆಪದ್ಧರ್ಮದ ಆಶ್ರಯವುಂಟು. ಬಡ ವಿದ್ಯಾರ್ಥಿನಿಗೆ ಯಂತ್ರವು ಬೇಕೇ ಬೇಕು, ಬೆಲೆಯ ತಂತ್ರಾಂಶವು ಕೈಗೆಟುಕದು, ಬೇರೆ ದಾರಿಯೇ ಇಲ್ಲವೆಂದಿದ್ದರೆ ಆ ಮೌನವನ್ನು ಕ್ಷಮಿಸಬಹುದಾಗಿತ್ತು. ಆದರೆ ಬೇರೆ ದಾರಿಯಿದೆ. ಅದು ನ್ಯಾಯವಾದುದು, ಬೆಲೆಯಿಲ್ಲದುದು, ಮೂವತ್ತು ವರ್ಷಗಳಿಗೂ ಮಿಕ್ಕು ತೆರೆದಿರುವುದು. ಹೀಗಿರಲು ಆಪತ್ತಿನ ನೆಪವು ನಿಲ್ಲುವುದು ಹೇಗೆ?

ಅಮೆರಿಕದ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ‘ಗ್ನೂ’ ಎಂಬ ಕಾರ್ಯಾಚರಣ ವ್ಯವಸ್ಥೆಯ ನಿರ್ಮಾಣವನ್ನು ಘೋಷಿಸಿದನು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವ, ಅದರ ಮೂಲಸಂಕೇತವನ್ನು ಓದಿ ತಿದ್ದುವ, ಇತರರಿಗೆ ಹಂಚುವ, ತಿದ್ದಿದುದನ್ನೂ ಹಂಚುವ ನಾಲ್ಕು ಸ್ವಾತಂತ್ರ್ಯಗಳು ಬಳಕೆದಾರನಿಗಿರಬೇಕೆಂಬುದು ಅವನ ಸಿದ್ಧಾಂತ. ಈ ಸ್ವಾತಂತ್ರ್ಯಗಳನ್ನು ರಕ್ಷಿಸುವ ಪರವಾನಗಿಯು 1989ರಲ್ಲಿ ಹೊರಬಂದಿತು. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತಾನು ಬರೆದ ‘ಲಿನಕ್ಸ್’ ಎಂಬ ತಿರುಳನ್ನು ಲೋಕದ ಮುಂದಿಟ್ಟು, ಮರುವರ್ಷ ಅದನ್ನು ಅದೇ ಪರವಾನಗಿಗೆ ಒಳಪಡಿಸಿದನು. ಇವೆರಡರ ಸಂಯೋಗದಿಂದ ಹುಟ್ಟಿದ ವ್ಯವಸ್ಥೆಗಳು ಇಂದು ಹಲವು. 1993ರಲ್ಲಿ ಇಯಾನ್ ಮುರ್ಡಾಕ್ ಆರಂಭಿಸಿದ ಡೆಬಿಯನ್ ಅವುಗಳ ಪೈಕಿ ಹಿರಿಯವುಗಳಲ್ಲಿ ಒಂದು. ಅದರ ಭಂಡಾರದಲ್ಲಿ 60,000ಕ್ಕೂ ಮಿಕ್ಕ ತಂತ್ರಾಂಶ ಕಟ್ಟುಗಳಿವೆ. ಉಬುಂಟು, ಲಿನಕ್ಸ್ ಮಿಂಟ್ ಮೊದಲಾದುವು ಅದೇ ವಂಶದವು. ಅಂಗಡಿಯವನು ಅಲ್ಲಗಳೆದ ‘ಡಾಸ್’ ಸಹ ಬಹುಮಟ್ಟಿಗೆ 1994ರಲ್ಲಿ ಆರಂಭವಾದ ಫ್ರೀಡಾಸ್ ಎಂಬ ಸ್ವತಂತ್ರ ತಂತ್ರಾಂಶವೇ. ಹಳೆಯ ಮಾದರಿಯದಾದುದರಿಂದ ಇಂದಿನ ವ್ಯಾಸಂಗಕ್ಕೆ ಸಾಲದೆಂಬುದಷ್ಟೇ ಅದರ ಕೊರತೆ.

ಪ್ರತಿಮಾಡಿ ಹಂಚುವುದು ಪುಣ್ಯವೆಂಬ ಭಾವವು ಕನ್ನಡನಾಡಿಗೆ ಹೊಸತಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ದಾನವಿತ್ತಳೆಂಬುದು ಮಕ್ಕಳೂ ಬಲ್ಲ ಸಂಗತಿ. ಅಂದು ಒಂದೊಂದು ಪ್ರತಿಗೂ ಲಿಪಿಕಾರನ ಬೆನ್ನೂ ಕಣ್ಣೂ ಸವೆಯಬೇಕಾಗಿದ್ದಿತು. ಇಂದು ಪ್ರತಿಮಾಡುವುದಕ್ಕೆ ಶ್ರಮವೇ ಇಲ್ಲ. ಹೀಗಿದ್ದೂ ಅತ್ತಿಮಬ್ಬೆಯ ನಾಡಿನವರು ಶಾಸ್ತ್ರದಾನದ ಮಾರ್ಗದಲ್ಲಿ ಬಂದ ತಂತ್ರಾಂಶವನ್ನು ಕಣ್ಣೆತ್ತಿ ನೋಡದೆ, ಬಿಲ್ಲಿಗೆ ಬಾರದುದನ್ನು ಅಪೇಕ್ಷಿಸುತ್ತಾರೆಂಬುದು ವಿಷಾದದ ವಿಷಯ.

ಇಲ್ಲಿ ಪೂರ್ವಪಕ್ಷಿಗಳು ಸುಮ್ಮನಿರುವವರಲ್ಲ. ಮೊದಲನೆಯ ಪಕ್ಷದವರು ಹೇಳುವುದೇನೆಂದರೆ: ವಿದ್ಯೆಯು ಸರ್ವರ ಸೊತ್ತು, ಅಪಾರ ಸಂಪತ್ತಿನ ಪರದೇಶದ ಕಂಪನಿಗೆ ಒಂದು ನಕಲಿನಿಂದ ಆಗುವ ನಷ್ಟವೇನು? ಹಂಚಿಕೊಳ್ಳುವುದು ಧರ್ಮವಾದರೆ ಇದೂ ಹಂಚಿಕೆಯೇ ಅಲ್ಲವೆ? ಈ ವಾದವು ಕೇಳುವುದಕ್ಕೆ ಇಂಪಾದುದು. ಆದರೆ ದಾನವು ಕೊಡುವವನ ಇಚ್ಛೆಯಿಂದ ಆಗುವುದು. ಬೇಡವೆಂದವನಿಂದ ಕಿತ್ತುಕೊಂಡು ಮೂರನೆಯವನಿಗೆ ಕೊಟ್ಟರೆ ಅದಕ್ಕೆ ದಾನವೆಂಬ ಹೆಸರಿಲ್ಲ. ಮೇಲಾಗಿ ಅಂಗಡಿಯವನು ಐನೂರು ರೂಪಾಯಿಗಳನ್ನು ಪಡೆದಿರುವುದರಿಂದ ಹಂಚಿಕೆಯೆಂಬ ಮಾತೂ ಸಲ್ಲದು. ವಿದ್ಯೆಯನ್ನು ಹಂಚಬೇಕೆಂಬ ನಿಷ್ಠೆಯು ನಿಜವಾದುದಾದರೆ, ಕೈಯೆತ್ತಿ ಕೊಡುತ್ತಿರುವವನ ಬಾಗಿಲಿಗೆ ಹೋಗಬೇಕು. ಇನ್ನು ಕಂಪನಿಗೆ ನಷ್ಟವಿಲ್ಲವೆಂಬುದು ಒಂದರ್ಥದಲ್ಲಿ ಸತ್ಯ. ಕದ್ದ ಪ್ರತಿಯಲ್ಲಿ ಕಲಿತ ಬಾಲಕನ ಕೈ ಆ ಒಂದು ವ್ಯವಸ್ಥೆಗೇ ಪಳಗುತ್ತದೆ. ನಾಳೆ ಅವನು ಕಚೇರಿ ಸೇರಿದಾಗ ಆ ಕಚೇರಿಯು ಬೆಲೆತೆತ್ತು ಅದನ್ನೇ ಕೊಳ್ಳಬೇಕಾಗುತ್ತದೆ. ಕಂಪನಿಯನ್ನು ವಂಚಿಸಿದೆನೆಂದು ಬೀಗುವವನು ಅದಕ್ಕೆ ಸಂಬಳವಿಲ್ಲದ ದಲ್ಲಾಳಿಯಾಗಿದ್ದಾನೆ.

ಎರಡನೆಯ ಪಕ್ಷದವರು ಬಿಟ್ಟಿ ಸಿಕ್ಕುವ ವಸ್ತುವು ಕಳಪೆಯೆನ್ನುತ್ತಾರೆ. ಪ್ರಪಂಚದ ಅತ್ಯಂತ ಶಕ್ತಿಯುತವಾದ 500 ಗಣಕಯಂತ್ರಗಳ ಪಟ್ಟಿಯು ವರ್ಷಕ್ಕೆರಡು ಬಾರಿ ಪ್ರಕಟವಾಗುವುದು. 2017ರ ನವೆಂಬರಿನಿಂದ ಈಚೆಗೆ ಆ 500ರಲ್ಲಿ ಒಂದೂ ಉಳಿಯದಂತೆ ಎಲ್ಲವೂ ಲಿನಕ್ಸಿನಿಂದಲೇ ನಡೆಯುತ್ತಿವೆ. ಅಷ್ಟು ದೂರ ಹೋಗುವುದೇಕೆ? ಕಳಪೆಯೆಂದು ಹೇಳುವ ಮಹಾಶಯನ ಅಂಗಿಯ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಬೆಂಗಳೂರಿನಲ್ಲಿ 2001ರಷ್ಟು ಹಿಂದೆಯೇ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರೂ ಎಂಜಿನಿಯರುಗಳೂ ಸೇರಿ ಬಡವರಿಗಾಗಿ ಸಿಂಪ್ಯೂಟರ್ ಎಂಬ ಅಗ್ಗದ ಅಂಗೈಯಂತ್ರವನ್ನು ರಚಿಸಿದಾಗ ಅದಕ್ಕೆ ಆರಿಸಿದುದೂ ಲಿನಕ್ಸನ್ನೇ. ಆ ಯಂತ್ರವು ಮಾರುಕಟ್ಟೆಯಲ್ಲಿ ನೆಲೆಯೂರಲಿಲ್ಲವೆಂಬುದು ನಿಜ. ಆದರೂ ಅಗ್ಗದ ಯಂತ್ರಕ್ಕೆ ಸ್ವತಂತ್ರ ವ್ಯವಸ್ಥೆಯು ಒಪ್ಪುವುದೆಂದು ಬಲ್ಲವರು ಅಂದೇ ನಿರ್ಣಯಿಸಿದ್ದರು.

ಮೂರನೆಯ ಪಕ್ಷವು ಕಷ್ಟದ್ದು. ಇದನ್ನು ಸ್ಥಾಪಿಸುವುದು ಸಾಮಾನ್ಯರಿಗೆ ಸಾಧ್ಯವಿಲ್ಲ, ಇಂಜಿನಿಯರೇ ಆಗಬೇಕೆಂಬ ಅಂಜಿಕೆಯು ಮನೆಮನೆಯಲ್ಲಿಯೂ ಇದೆ. ಇದಕ್ಕೆ ವಿಧಾನವನ್ನು ಹೇಳಿಬಿಡುವುದೇ ಉತ್ತರ. ಯಂತ್ರದಲ್ಲಿ ಈಗಾಗಲೇ ಇರುವ ಕಡತಗಳನ್ನು ಮೊದಲು ಬೇರೊಂದು ಡಿಸ್ಕಿಗೆ ನಕಲಿಸಿಟ್ಟುಕೊಳ್ಳಬೇಕು; ಈ ಒಂದು ಹೆಜ್ಜೆಯನ್ನು ತಪ್ಪಿದವರೇ ಅಳುವವರು. ಅನಂತರ ಲಿನಕ್ಸ್ ಮಿಂಟಿನ ಸ್ಥಾಪನಾಕಡತವನ್ನು ಅದರ ಸ್ವಂತ ತಾಣದಿಂದಲೇ ಇಳಿಸಿಕೊಂಡು 8 ಜಿ.ಬಿ.ಯ ಪೆನ್ ಡ್ರೈವಿಗೆ ಬರೆಯಬೇಕು. ಆ ಪೆನ್ ಡ್ರೈವಿನಲ್ಲಿ ಮೊದಲಿದ್ದುದು ಅಳಿಯುವುದೆಂಬುದು ನೆನಪಿರಲಿ. ಯಂತ್ರವನ್ನು ಹೊತ್ತಿಸುವಾಗ ಅದರ ತಯಾರಕರು ಸೂಚಿಸಿರುವ ಗುಂಡಿಯನ್ನು, ಬಹುಮಟ್ಟಿಗೆ ಎಫ್2 ಅಥವಾ ಎಫ್12ನ್ನು, ಒತ್ತಿ ಪೆನ್ ಡ್ರೈವಿನಿಂದ ಆರಂಭಿಸಿದರೆ ಹೊಸ ವ್ಯವಸ್ಥೆಯು ಪರದೆಯ ಮೇಲೆ ತೆರೆದುಕೊಳ್ಳುವುದು.

ಇಲ್ಲಿಯೇ ಒಂದು ಸೌಲಭ್ಯವಿದೆ. ಈ ಹಂತದವರೆಗೆ ಯಂತ್ರದೊಳಗಿನ ಯಾವುದೂ ಬದಲಾಗಿರುವುದಿಲ್ಲ. ಗೃಹಸ್ಥನು ಒಂದು ಗಂಟೆಯೋ ಒಂದು ದಿನವೋ ಬಳಸಿನೋಡಿ, ವೈಫೈ ಹಿಡಿಯುವುದೇ, ಧ್ವನಿ ಕೇಳುವುದೇ, ಮನೆಯ ಪ್ರಿಂಟರು ಒಪ್ಪುವುದೇ ಎಂಬುದನ್ನು ಪರೀಕ್ಷಿಸಿಕೊಂಡು, ಮನಸ್ಸೊಪ್ಪಿದರೆ ಮಾತ್ರ ಸ್ಥಾಪಿಸಬಹುದು. ಒಪ್ಪದಿದ್ದರೆ ಪೆನ್ ಡ್ರೈವನ್ನು ಕಿತ್ತರಾಯಿತು. ಲಿನಕ್ಸ್ ಮಿಂಟ್ 2 ಜಿ.ಬಿ. ಮೆಮೊರಿಯಲ್ಲಿ ನಡೆಯುವುದಾದರೂ 4 ಜಿ.ಬಿ. ಇದ್ದರೆ ನೆಮ್ಮದಿ. ಅಗ್ಗದ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಆವೃತ್ತಿಯೇ ಲೇಸು. ಸ್ಥಾಪಿಸುವಾಗ ಹಳೆಯ ವ್ಯವಸ್ಥೆಯನ್ನು ಅಳಿಸುವುದೋ, ಅದರ ಪಕ್ಕದಲ್ಲಿಯೇ ಇದನ್ನೂ ಇರಿಸುವುದೋ ಎಂಬ ಪ್ರಶ್ನೆಯು ಬಂದಾಗ ಅವಸರಪಡದೆ ಓದಿ ಉತ್ತರಿಸಬೇಕು. ಇಷ್ಟನ್ನು ಮಾಡಲು ಹತ್ತನೆಯ ತರಗತಿಯ ಬುದ್ಧಿವಂತ ಹುಡುಗಿಗೆ ಒಂದು ಮಧ್ಯಾಹ್ನ ಸಾಕು. ಹಬ್ಬದ ಹೋಳಿಗೆಗೆ ಕಣಕ ಹದಮಾಡುವುದು ಇದಕ್ಕಿಂತ ಕಠಿಣವಾದ ವಿದ್ಯೆ.

ನಾಲ್ಕನೆಯ ಪಕ್ಷದವರ ಮಾತಿನಲ್ಲಿ ಸತ್ಯಾಂಶವಿದೆ. ಲೆಕ್ಕಪತ್ರದ ಟ್ಯಾಲಿ, ಚಿತ್ರಕಾರರ ಫೋಟೋಶಾಪ್, ಕೆಲವು ಪರೀಕ್ಷೆಗಳಲ್ಲಿ ಕಡ್ಡಾಯಮಾಡುವ ಕಾವಲು ತಂತ್ರಾಂಶ, ಇವು ವಿಂಡೋಸನ್ನು ಬೇಡುತ್ತವೆ. ಅಂತಹ ಅಗತ್ಯವಿರುವವರು ಬೆಲೆತೆತ್ತು ಬಿಲ್ಲು ಪಡೆದು ವಿಂಡೋಸನ್ನೇ ಕೊಳ್ಳಲಿ. ಅದರಲ್ಲಿ ಅಧರ್ಮವೇನೂ ಇಲ್ಲ. ಆದರೆ ಪದವಿಯ ವಿದ್ಯಾರ್ಥಿನಿಗೆ ಸಾಮಾನ್ಯವಾಗಿ ಬೇಕಾದುದು ಪ್ರಬಂಧ ಬರೆಯುವ ಲಿಬ್ರೆ ಆಫೀಸ್, ಅಂತರ್ಜಾಲಕ್ಕೆ ಫೈರ್‌ಫಾಕ್ಸ್, ಕ್ರಮವಿಧಿ ಕಲಿಯಲು ಪೈಥಾನ್ ಮತ್ತು ಸಿ ಭಾಷೆಗಳ ಸಾಧನಗಳು. ಇವೆಲ್ಲವೂ ಸ್ವತಂತ್ರ ತಂತ್ರಾಂಶಗಳೇ. ನೆರೆಯ ಕೇರಳದ ಸರ್ಕಾರೀ ಶಾಲೆಗಳ ಗಣಕಶಿಕ್ಷಣವು ಸುಮಾರು ಎರಡು ದಶಕಗಳಿಂದ ಗ್ನೂ/ಲಿನಕ್ಸಿನಲ್ಲಿಯೇ ನಡೆದುಬಂದಿದೆ. ಕೇಂದ್ರ ಸರ್ಕಾರವು ತನ್ನ ಇಲಾಖೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಪ್ರಾಶಸ್ತ್ಯವಿರಬೇಕೆಂಬ ನೀತಿಯನ್ನು 2015ರಲ್ಲಿಯೇ ಪ್ರಕಟಿಸಿತು. ಹೀಗಿದ್ದೂ ಒಂದೇ ಕಂಪನಿಯ ಕಡತರೂಪದಲ್ಲಿ ಉತ್ತರವನ್ನು ಕಳುಹಿಸಬೇಕೆಂದು ಮಕ್ಕಳನ್ನು ಬಲವಂತಪಡಿಸುವ ವಿದ್ಯಾಸಂಸ್ಥೆಯು, ತಾನೇ ಕಳವಿಗೆ ದಾರಿ ತೋರಿಸಿಕೊಡುತ್ತಿದೆಯೆನ್ನದೆ ವಿಧಿಯಿಲ್ಲ. ಬಡವನ ಮಗುವಿಗೆ ಬೆಲೆಯ ವಸ್ತುವನ್ನು ಕಡ್ಡಾಯಮಾಡುವವರು ಬೆಲೆಯನ್ನೂ ಕೊಡಬೇಕು. ಇಲ್ಲವೇ ಕಡ್ಡಾಯವನ್ನು ಬಿಡಬೇಕು.

ಈ ವಿಚಾರವು ಹೊಸ ಯಂತ್ರಕ್ಕೆ ಮಾತ್ರ ಸೇರಿದುದಲ್ಲ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. 2021ರಲ್ಲಿ ಬಂದ ವಿಂಡೋಸ್ 11 ಟಿ.ಪಿ.ಎಂ. 2.0 ಎಂಬ ರಕ್ಷಣಾಂಗವನ್ನು ಬೇಡುವುದಲ್ಲದೆ, ಸುಮಾರಾಗಿ 2017ಕ್ಕೆ ಹಿಂದಿನ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಇದರಿಂದ, ಪರದೆ ಕೀಲಿಮಣೆಗಳೆಲ್ಲ ನೆಟ್ಟಗಿರುವ ಅನೇಕ ಯಂತ್ರಗಳು ಗುಜರಿಗೆ ಯೋಗ್ಯವೆಂದೆನಿಸಿಕೊಂಡವು. ಹಾಲು ಕೊಡುವ ಹಸುವನ್ನು ಕೊರಳ ಗಂಟೆ ಹಳೆಯದಾಯಿತೆಂದು ಮಾರುವ ರೈತನಿಲ್ಲ. ಆ ಯಂತ್ರಗಳಲ್ಲಿ ಸ್ವತಂತ್ರ ವ್ಯವಸ್ಥೆಯನ್ನು ಸ್ಥಾಪಿಸಿದರೆ, ಹಳೆಯ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿಯೊಂದನ್ನು ಹಾಕಿಸಿದರೆ, ಇನ್ನೂ ಹಲವು ವರ್ಷ ಮಕ್ಕಳ ಓದಿಗೆ ಅವು ಸಾಕು. ತೀರ ಹಳೆಯ 32 ಬಿಟ್ಟಿನ ಯಂತ್ರಗಳಿಗೆ ಮಾತ್ರ ದಾರಿಯು ಕಿರಿದಾಗುತ್ತಿದೆ; 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅವುಗಳಲ್ಲಿ ಹೊಸದಾಗಿ ಸ್ಥಾಪಿಸುವ ಸೌಕರ್ಯವನ್ನು ಕೈಬಿಟ್ಟಿತು.

ಕಡೆಯದಾಗಿ ಕನ್ನಡದ ಮಾತು. ಸ್ವತಂತ್ರ ತಂತ್ರಾಂಶದ ಪಕ್ಷಪಾತಿಗಳಿಗೂ ಇಲ್ಲಿ ತಪ್ಪೊಪ್ಪಿಗೆಯು ಅವಶ್ಯ. ಕನ್ನಡಕ್ಕೆ ಬೇಕಾದ ಮುಖ್ಯ ಸಾಮಗ್ರಿಗಳು ಈ ವ್ಯವಸ್ಥೆಯಲ್ಲಿ ಉಂಟು. ಯೂನಿಕೋಡಿನ ಕನ್ನಡಾಕ್ಷರಗಳು, ಗುಬ್ಬಿ ಮತ್ತು ನವಿಲು ಎಂಬ ಸ್ವತಂತ್ರ ಅಚ್ಚುಮೊಳೆಗಳು, ಕೀಲಿಮಣೆಯ ಪಟ್ಟಿಯಲ್ಲಿಯೇ ದೊರೆಯುವ ‘ಕಗಪ’ ವಿನ್ಯಾಸ, ಅಚ್ಚಾದ ಕನ್ನಡ ಪುಟವನ್ನು ಓದಿ ಅಕ್ಷರವಾಗಿಸುವ ಟೆಸರಾಕ್ಟ್, ಕಣ್ಣಿಲ್ಲದವರಿಗಾಗಿ ಕನ್ನಡವನ್ನು ಉಚ್ಚರಿಸುವ ಈಸ್ಪೀಕ್, ಎಲ್ಲವೂ ಬೆಲೆಯಿಲ್ಲದೆ ಲಭ್ಯ. ಆ ಕೀಲಿಮಣೆಯ ವಿನ್ಯಾಸಕ್ಕೆ ಆಧಾರವನ್ನು ಹಾಕಿದ ಕೆ. ಪಿ. ರಾಯರು ತಮ್ಮ ಕನ್ನಡ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಬಳಸುವವರಿಗೆ ಉಚಿತವಾಗಿ ಬಿಟ್ಟುಕೊಟ್ಟರು. ದಾನದ ಪರಂಪರೆಯು ಈ ನೆಲದಲ್ಲಿ ಬತ್ತಿಲ್ಲವೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು.

ಆದರೂ ಪರದೆಯ ಆಜ್ಞೆಗಳ ಕನ್ನಡ ಅನುವಾದವು ಇನ್ನೂ ಅಪೂರ್ಣ. ಅನುವಾದವಾದೆಡೆಯಲ್ಲಿಯೂ ಕೆಲವು ಕಡೆ ಭಾಷೆಯು ಕಬ್ಬಿಣದ ಕಡಲೆ. ಯೂನಿಕೋಡಿಗೆ ಮೊದಲಿನ ಪದ್ಧತಿಯಲ್ಲಿ ನುಡಿ, ಬರಹಗಳಲ್ಲಿ ಟಂಕಿಸಿದ ಹಳೆಯ ಕಡತಗಳು ಮಾರ್ಪಡಿಸದ ಹೊರತು ತೆರೆಯುವಾಗ ಗೋಜಲಾಗಿ ಕಾಣುವುವು. ತಂತ್ರಜ್ಞರು ಕನ್ನಡದಲ್ಲಿ ಕೈಪಿಡಿ ಬರೆಯುವುದನ್ನು ಬಿಟ್ಟು, ತಿಳಿಯದವರನ್ನು ಕಂಡು ನಕ್ಕರೆ ಗೃಹಸ್ಥನು ಅಂಗಡಿಯವನ ಬಳಿಗೇ ಹೋಗುವನು. ತಿದ್ದುವ ಸ್ವಾತಂತ್ರ್ಯವಿದ್ದೂ ತಿದ್ದದೆ ಕುಳಿತವರ ಸೋಮಾರಿತನಕ್ಕೆ ಯಾವ ಕಂಪನಿಯನ್ನು ದೂರುವುದು? ಪದಗಳ ಬಗೆಗೆ ಗಂಟೆಗಟ್ಟಲೆ ಚರ್ಚಿಸುವ ಸಾಹಿತ್ಯಸಂಘಗಳು ವಾರಕ್ಕೊಂದು ಸಂಜೆ ಕುಳಿತು ಐವತ್ತು ಆಜ್ಞೆಗಳನ್ನು ತಿಳಿಗನ್ನಡಕ್ಕೆ ತಂದರೆ, ಅದು ಊರೂರಿನ ಯಂತ್ರಗಳನ್ನು ಸೇರುವುದು. ಮೂಲಸಂಕೇತವು ಮುಚ್ಚಿರುವ ತಂತ್ರಾಂಶದಲ್ಲಿ ಈ ಅಧಿಕಾರವು ಸಂಘಕ್ಕೆ ಎಂದಿಗೂ ಬಾರದು. ಅಲ್ಲಿ ಕನ್ನಡವಿರಬೇಕೇ ಬೇಡವೇ ಎಂಬುದನ್ನು ಕಂಪನಿಯು ನಿರ್ಣಯಿಸುವುದು, ಇಲ್ಲಿ ಕನ್ನಡಿಗರು ನಿರ್ಣಯಿಸುವರು.

ಅಲಂ ವಿಸ್ತರೇಣ. ಶಾಸನ ಲಾಭ ನಷ್ಟಗಳನ್ನೆಲ್ಲ ಬದಿಗಿರಿಸಿದರೂ ಉಳಿಯುವುದು ಆ ಮಗಳ ಪ್ರಶ್ನೆ. ಅಂಗಡಿಯಲ್ಲಿ ತಂದೆಯ ಪಕ್ಕದಲ್ಲಿ ನಿಂತಿದ್ದವಳು ಬಿಲ್ಲಿನ ಮಾತನ್ನೂ ಕೇಳಿದಳು, ಆ ಕ್ಷಣದ ಮೌನವನ್ನೂ ಕಂಡಳು. ಕಳವು ತಪ್ಪೆಂದು ಹತ್ತು ವರ್ಷ ಕಲಿಸಿದ ಪಾಠವು, ಗೊತ್ತಾಗದಿದ್ದರೆ ತಪ್ಪಲ್ಲವೆಂಬ ಪಾಠವಾಗಿ ಅಲ್ಲಿ ಮಾರ್ಪಟ್ಟಿತು. ಅಕ್ಕಿಯ ಮೇಲೆ ಓಂಕಾರವನ್ನು ಬರೆಯಿಸಿ ವಿದ್ಯಾರಂಭಮಾಡಿಸುವ ತಂದೆಯು ಆ ಅಕ್ಕಿಯನ್ನು ಪಕ್ಕದ ಮನೆಯಿಂದ ಕದ್ದು ತರುವುದಿಲ್ಲ. ಮುಂದಿನ ಮಹಾನವಮಿಯೊಳಗೆ ಒಂದು ಮಧ್ಯಾಹ್ನವನ್ನು ಬಿಡುವುಮಾಡಿಕೊಂಡು, ತಂದೆ ಮಗಳು ಜೊತೆಯಾಗಿ ಕುಳಿತು, ಬಿಲ್ಲಿಗೆ ಬಾರದುದನ್ನು ಅಳಿಸಿ ಕೊಟ್ಟವರು ಮನಸಾರೆ ಕೊಟ್ಟುದನ್ನು ಸ್ಥಾಪಿಸಿಕೊಳ್ಳಲಿ. ಆಗ ಆ ಯಂತ್ರಕ್ಕೆ ಇಡುವ ಕುಂಕುಮವು ಸಾರ್ಥಕವಾದೀತು.